ಕೇಳಿದಾಗ ಮಾತ್ರ

ಗುತ್ತಲು ರಸ್ತೆಯ ಬ್ಯಾಂಕಿನ ಮೂರನೇ ಮಹಡಿ.
ಕಿಟಕಿ ತೆರೆದರೆ ಕಾಕಂಬಿ ವಾಸನೆ, ಹಾಗಾಗಿ ತೆರೆಯುವುದಿಲ್ಲ.
ಎ.ಸಿ.ಯ ಚಳಿಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದೇವೆ
ನಾನು, ಗೋಪಾಲರಾಜೇ ಅರಸು,
ಮತ್ತು ಸಾಯದ ಯಂತ್ರ.

ಸಾಯದು, ಯಾಕೆಂದರೆ ಅದರೊಳಗೆ ಎಲ್ಲವೂ ಎರಡು.
ಒಂದೇ ಲೆಕ್ಕ, ಒಂದೇ ಗಳಿಗೆ, ಎರಡು ಹಲಗೆ.
ಪ್ರತಿ ಹಲಗೆಯೂ ತನ್ನೊಳಗೇ ಉತ್ತರ ತಾಳೆ ನೋಡಿ
ಕೂದಲೆಳೆಯಷ್ಟು ಹೊಂದದಿದ್ದರೂ
ತಪ್ಪು ಹೇಳುವ ಬದಲು ಬಾಯಿ ಮುಚ್ಚಿಕೊಳ್ಳುತ್ತದೆ.
ಜೊತೆಯದು ನಡೆಸಿಕೊಂಡು ಹೋಗುತ್ತದೆ.
"ಕಬ್ಬು ತೂಗೋ ಗುಮಾಸ್ತರಿಗೆ ಇದನ್ನ ಕಲಿಸಬೇಕಿತ್ತು"
ಅಂದರು ಅರಸು.

ಇದನ್ನು ಬೊಂಬಾಯಿಯ ಹಿರೀ ಯಂತ್ರಕ್ಕೆ ಜೋಡಿಸಬೇಕು.
ಅದೋ ಹಳೇ ಪಾಳೇಗಾರ, ಸರೀಕರನ್ನೇ ಕಂಡದ್ದಿಲ್ಲ;
ಮೇಲೆ ತಾನು, ಕೆಳಗೆ ಮಿಕ್ಕವರು.
ನಮ್ಮ ಸಾಯದವನಿಗೆ ಬಡ ಟರ್ಮಿನಲ್ಲಿನ ವೇಷ ತೊಡಿಸಿದೆವು:
ಕೊಟ್ಟ ನಂಬರು ಹೇಳು,
ಕೇಳಿದಾಗ ಮಾತ್ರ ಬಾಯಿಬಿಡು.
ಅಕ್ಷರವೂ ಬೇರೆ. ಇಲ್ಲಿ ಅರವತ್ತೈದಿದ್ದ ಎ
ಅಲ್ಲಿ ನೂರ ತೊಂಬತ್ತಮೂರು.
ಐ ಆದಮೇಲೆ ಏಳು ಮನೆ ಖಾಲಿ, ಆಮೇಲೆ ಜೆ.
ಆ ಏಳು ಮನೆಗಳಲ್ಲಿ
ಹನ್ನೊಂದು ದಿನ ದಾರಿ ತಪ್ಪಿ ತಿರುಗಿದ್ದೆ ನಾನು.

ಟೆಲಿಫೋನಿನ ದಸ್ತಗೀರ್ ಸಾಬರು ಮದ್ದೂರಿನಾಚೆ
ಅಳಿಲು ಕಡಿದ ತಂತಿ ಬೆಸೆದ ರಾತ್ರಿ,
ಎರಡೂ ಹತ್ತಕ್ಕೆ, ಮೋಡೆಮ್ಮಿನಲ್ಲಿ ಹಸಿರು.

ಏನಾರ ಅದಾ?
ಇಲ್ಲ ಬುದ್ಧಿ.
ಏನಾರ ಅದಾ?
ಇಲ್ಲ ಬುದ್ಧಿ.
ಏನಾರ ಅದಾ?
ಅದೆ ಬುದ್ಧಿ: ಕೀಲಾರದ ಪುಟ್ಟನಿಂಗಮ್ಮ,
ಒಂಬತ್ತು ಟನ್ ಕಬ್ಬಿನ ಬಾಬ್ತು.

ಅರಸು ನನ್ನ ಬೆನ್ನಿಗೆ ಗುದ್ದಿದರು. ಫ್ಲಾಸ್ಕಿನಲ್ಲಿ ಕಾಫಿ ತಣ್ಣಗಾಗಿತ್ತು,
ಆದರೂ ಕುಡಿದೆವು.

ತಿಂಗಳ ಮೇಲೆ, ಸೋಮವಾರ, ಕೊರಿಯರಿನವನು ಪೆಟ್ಟಿಗೆ ತಂದ.
ಹೊಸ ಹಲಗೆ. ನಾವು ಕೇಳಿರಲಿಲ್ಲ.
ಶುಕ್ರವಾರವೇ ಒಂದು ಹಲಗೆ ಮೌನ ಹಿಡಿದು
ಯಂತ್ರ ತಾನೇ ಕಂಪನಿಗೆ ಫೋನು ಮಾಡಿತ್ತಂತೆ.
ಮೂರು ದಿನ ಒಂಟಿಯಾಗಿ ಎಳೆದದ್ದು
ಬೊಂಬಾಯಿಗೂ ಗೊತ್ತಿಲ್ಲ, ಪಕ್ಕದಲ್ಲೇ ಕೂತ ನಮಗೂ.

ಪೆಟ್ಟಿಗೆಯ ಮೇಲಿನ ನಂಬರು ಓದಿ ಅಂದೆ, ರಿಜಿಸ್ಟರಿಗೆ.
ಅರಸು ಪೆಟ್ಟಿಗೆಯನ್ನು ನನ್ನ ಕಡೆಗೇ ತಿರುಗಿಸಿದರು.
ಆಗ ಹೊಳೆಯಿತು: ಎಷ್ಟು ದಿನದಿಂದ
ಒಂದು ಅಂಕಿಯನ್ನೂ ಓದಿ ಹೇಳಿಲ್ಲ ಈ ಮನುಷ್ಯ,
ಎಲ್ಲವನ್ನೂ ನನ್ನ ಬಾಯಿಂದಲೇ ಆಡಿಸುತ್ತ.

"ಮೂರೂ ಎಂಟೂ ಒಂದೇ ಥರ ಕಾಣ್ತವೆ ಕಣಯ್ಯ,
ದೀಪಾವಳಿ ಮುಂಚಿಂದ."

ಯಾಕೆ ಹೇಳಲಿಲ್ಲ ಅಂದೆ.

ಮಫ್ಲರಿನಿಂದ ಕನ್ನಡಕ ಒರೆಸುತ್ತ,
"ನೀನು ಕೇಳಲಿಲ್ಲವಲ್ಲ."