ಎರಡು ಸೂತು

ಹಾತಲಗೇರಿ ನಾಕಾದ ಹಿಂದ ನಮ್ಮ ಅಂಗಡಿ.
ರಂದಾ ಮಷಿನ್ನು ಕರಿ ಮೂರರಾಗ ಕೂಗತದ ಅಂತ
ಅಪ್ಪನ ಪೇಟಿ ಬಾರಿಸಿ ತೋರಿಸಿದ್ದ.
ಸಾಗವಾನಿಯ ಗಂಟು ಅಲಗಿಗೆ ಸಿಕ್ಕಾಗ
ಸುರ ಅರ್ಧ ಮನಿ ಇಳಿದು ಮತ್ತ ಏರತಿತ್ತು.
ಒಳಗ ಒಲಿ ಮುಂದ ಕೂತ ಹೇಳತಿದ್ದೆ ನಾನು,
ಈ ಹಲಗಿ ಛಲೋ, ಇದು ಬ್ಯಾಡ.

ಆವತ್ತು ಸುರ ಇಳೀಲಿಲ್ಲ.
ಬೆರಳು ಗಂಟಿಗಿಂತ ಮೆತ್ತಗ.
ಮಷಿನ್ನು ಹಾಡಿದ್ದ ಹಾಡತಿತ್ತು, ಅದರ ಸಂದಿನಾಗ
"ಬಂದ್ ಮಾಡ ದೇವಕ್ಕಾ" ಅಂದ ಅಪ್ಪ
ಕುಡಿಯಾಕ ನೀರು ಕೇಳಿದಷ್ಟ ಸಣ್ಣ ದನಿಲೆ.

"ತುಂಡು ತಂದೀರೇನು?" ಡಾಕ್ಟರ ಕೇಳಿದರು.
ರಂದಾ ತುಂಡು ಮಾಡೂದಿಲ್ಲರಿ, ಹೊಟ್ಟು ಮಾಡತದ.
ಕ್ಯಾರಿಬ್ಯಾಗಿನ ತುಂಬ ಹೊಟ್ಟು ಬಳಕೊಂಡು ಬಂದಿದ್ದೆ.
ಕೆಂಪು ಸಾಗವಾನಿದು ಯಾವುದು, ಅವನದು ಯಾವುದು,
ನರ್ಸಬಾಯಿ ಟ್ಯೂಬಲೈಟಿಗೆ ಹಿಡಿದು ನೋಡಿ
ಏನೂ ಅನ್ನದ ಚೀಲದ ಬಾಯಿ ಗಂಟಿಕ್ಕಿ ಕೊಟ್ಟಳು.

ಎರಡು ಸೂತು ಹೋಗೇದ ಅಂದ ಅಪ್ಪ, ಬಡಿಗನ ಲೆಕ್ಕದಾಗ.
ಬಲಗೈ, ಉಂಗುರ ಬೆರಳು.
ಪಂಚಮಕ್ಕ ಹೋಗಿ ಕೂಡೂದು.

ಶನಿವಾರದ ಭಜನಿಯಾಗ ಹಿಡಿ ನಗು.
ದಮ್ಮಡಿಯ ಬಸಲಿಂಗ ಅರಳಿ ಜಿನ್ನಿಗೆ ಇಡೀ ಒಂದು ಕೊಟ್ಟವ,
ತಬಲಾದ ಇಮಾಮಹುಸೇನ ಲೇಥಿಗೆ ಒಂದೂವರಿ,
ತಾಳದ ಫಕೀರಪ್ಪಂದು ಇನ್ನೂ ಪೂರಾ ಹತ್ತು,
ಅಪ್ಪನದು ಅರ್ಧ ಕಳದು
ನಾಕು ಮಂದಿಗೆ ಮೂವತ್ತೇಳು ಬೆರಳು.
"ಮಾತ್ರಿ ತಪ್ಪಲಿಲ್ಲಲಾ!" ಅಂದ ಫಕೀರಪ್ಪ.
ಅವನೊಬ್ಬನ ನಗಲಿಲ್ಲ.

ಆಮ್ಯಾಲೆ ಅಪ್ಪ ತನಗಂತ ಒಂದು ಪೇಟಿ ಮಾಡಿಕೊಂಡ.
ಪಂಚಮದ ಪಟ್ಟಿ ಮ್ಯಾಲ
ಎರಡು ಸೂತಿನ ಸಾಗವಾನಿ ಚಕ್ಕಿ ಹಚ್ಚಿ ಪಾಲಿಶ್ ಹೊಡೆದ.
ಸಾಲಿನಾಗ ಒಂದು ಹಲ್ಲು ಮುಂದ ಬಂದಂಗ ಕಾಣತಿತ್ತು.
ಬೆರಳು ಕೆಳಗ ಬಗ್ಗಲಿಲ್ಲ,
ಮನಿನ ಎದ್ದು ಎದುರು ಬಂತು.

ಅಪ್ಪ ಹೋದ ಮ್ಯಾಲ ಮಾರಿದೆ. ಬಾಡಿಗಿ ಬಾಕಿ ಇತ್ತು.
ಶಿರಹಟ್ಟಿ ಪೇಟಿ ಮಾಸ್ತರ ಒಯ್ದು
ಎಂಟ ದಿನಕ್ಕ ಟಂಟಂದಾಗ ತಿರುಗಿ ತಂದ,
"ಇಲ್ಲೆ ಬೆರಳು ಎಡವತದವಾ, ಸಪಾಟ ಮಾಡಿ ಕೊಡು."
ಉಳಿ ಇಟ್ಟು ಒಂದು ಪೆಟ್ಟು.
ಚಕ್ಕಿ ಚಿಮ್ಮಿ ಹೊಟ್ಟಿನಾಗ ಬಿತ್ತು.
ಎಂಬತ್ತು ರೂಪಾಯಿ ತಗೊಂಡೆ.

ಸಂಜಿಗೆ ಕಸ ಹೊಡಿಯೂ ಮುಂದ
ಈ ಸಲ ಹುಡುಕಬಾರದು ಅಂದಕೊಂಡಿದ್ದೆ.
ಸಿಕ್ಕಿತು.
ಪಾಲಿಶ್ ಇನ್ನೂ ಹೊಳೀತಿತ್ತು, ಒಂದು ಕಡೆ ಬಿಟ್ಟು.
ಅಲ್ಲಿ ಸವೆದು ತಗ್ಗು ಬಿದ್ದಿತ್ತು,
ಮೊಂಡ ಬೆರಳಿನ ತುದಿಯಷ್ಟ ಅಗಲ.