ಬಲಗೈ ಯಾರ ಪಾಲಿಗೆ

ಬಿಯೆಲ್ಲಾ ಊರಿನ ನಮ್ಮ ಮಳಿಗೆಯಲ್ಲಿ ಆ ಶನಿವಾರ
ಒಂದೇ ಕಾರು ಎರಡಾಗಿ ನಿಂತಿತ್ತು:
ಅದೇ ಸಾಸಿವೆಹಳದಿ, ಅದೇ ಗಿಡ್ಡ ಮೂತಿ,
ಓಟಕ್ಕೆ ಮುನ್ನ ಬೆರಳೂರಿ ಬಾಗಿದ ಪುಂಡ ಹುಡುಗನ ನಿಲುವು.
ಒಂದಕ್ಕೆ ಮೂರು ಪೆಡಲು, ಇನ್ನೊಂದಕ್ಕೆ ಎರಡು.

ಇಪ್ಪತ್ತೆರಡು ವರ್ಷ ಮಾತು ಮಾರಿ ಉಂಡವನು ನಾನು.
ಆಟೋಮ್ಯಾಟಿಕ್ ನೋಡುವವರಿಗೆ ಮೊಣಕಾಲಿನ ಕಥೆ,
ಗೇರು ನೋಡುವವರಿಗೆ ಹರೆಯದ ಕಥೆ,
ಎರಡೂ ನಾಲಿಗೆಯ ತುದಿಯಲ್ಲೇ ಸಿದ್ಧ.
ಬಾಗಿಲು ತಳ್ಳಿಕೊಂಡು ಬಂದರು ಓರ್ನೆಲ್ಲಾ, ಲೋರಿಸ್.
ಬನ್ನಿ ಎಂದೆ.
ಅವಳು ಕಿವಿ ಮುಟ್ಟಿಕೊಂಡು ತಲೆಯಾಡಿಸಿ
ಮೇಜಿನ ಮೇಲಿದ್ದ ನನ್ನ ಪೆನ್ನನ್ನೇ ಎತ್ತಿ ನನಗೆ ಕೊಟ್ಟಳು.
ಗಂಡ ಹೆಂಡತಿ ಇಬ್ಬರೂ ಹುಟ್ಟು ಕಿವುಡರು.

ಬರೆದೆ: ಆಟೋಮ್ಯಾಟಿಕ್ಕು ಅರ್ಧ ಸೆಕೆಂಡು ಬೇಗ.
ಬರೆದಳು: ಉಳಿದ ಅರ್ಧ ಸೆಕೆಂಡನ್ನು ಎಲ್ಲಿಡಲಿ?
ಬರೆದೆ: ಪೇಟೆಯ ದಟ್ಟಣೆಯಲ್ಲಿ ಎಡಗಾಲಿಗೆ ಆರಾಮ.
ಬರೆದಳು: ಉಣ್ಣೆ ಗಿರಣಿಯಲ್ಲಿ ದಿನಕ್ಕೆ ಎಂಟು ಗಂಟೆ ನಿಲ್ಲುತ್ತೇನೆ,
ಎಡಗಾಲು ಇನ್ನೂ ದೂರು ಕೊಟ್ಟಿಲ್ಲ.

ಒರೋಪದ ಕಡೆ ಏರುವ ದಾರಿ. ಹಿಂದಿನ ಸೀಟಿನಲ್ಲಿ ನಾನು.
ಮೊದಲು ಎರಡು ಪೆಡಲಿನದು.
ಪರದೆಯ ಮೇಲೆ ಮೂರು, ನಾಲ್ಕು, ಮತ್ತೆ ಮೂರು;
ಅಂಕಿ ಬದಲಾಯಿತು, ಅವಳ ಮುಖ ಬದಲಾಗಲಿಲ್ಲ.
ಪಕ್ಕದ ಮನೆಯಲ್ಲಿ ಕೂತು ಯಾರೋ
ನಮ್ಮ ಮನೆಯ ದೀಪ ಹಚ್ಚಿ ಆರಿಸಿದ ಹಾಗೆ.

ಆಮೇಲೆ ಮೂರರದು.
ಗೇರಿನ ಗುಂಡಿಯ ಮೇಲೆ ಅಂಗೈ ಇಟ್ಟಳು,
ಮಗುವಿನ ಹಣೆಯಲ್ಲಿ ಜ್ವರ ನೋಡುವಂತೆ.
ಅದು ಗುನುಗಿತು, ಬೆರಳಿನ ಗೆಣ್ಣುಗಳಲ್ಲಿ ತುಳುಕಿತು,
ಮಣಿಕಟ್ಟು ದಾಟಿ ಏರಿತು,
ಇನ್ನು ತಾಳಲಾರೆ ಎಂದು ಎಂಜಿನ್ನು ಕೈಯೊಳಗೇ ಚೀರಿದಾಗ
ಕ್ಲಚ್ಚು ತುಳಿದು ಎಳೆದಳು,
ಎರಡು ಒಳ್ಳೆಯ ಕಿವಿ ಇಟ್ಟುಕೊಂಡು ನಾನು
'ಈಗ' ಅಂದುಕೊಳ್ಳುವ ಮುನ್ನ.
ಎಲ್ಲಿ ಕಲಿತಿರಿ ಎಂದು ಬರೆಯಹೊರಟೆ;
ತಿರುವಿನ ಮೇಲೆ ತಿರುವು, ಅಕ್ಷರ ಎರೆಹುಳವಾಯಿತು.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ,
ಗೆದ್ದಿತು ಗೇರು ಎಂದುಕೊಂಡೆ.
ಲೋರಿಸ್ ಮಾತ್ರ ಕಿಟಕಿಯಾಚೆ ನೋಡುತ್ತಿದ್ದ.

ಮಳಿಗೆಯ ಮುಂದೆ ಕಾರು ನಿಂತದ್ದೇ ತಡ
ಅವನ ಕೈಗಳು ಹಾರಿದವು.
ಬೆರಳು ಮಡಚಿದ, ಎದೆಗೆ ಬಡಿದುಕೊಂಡ,
ಗಾಳಿಯಲ್ಲಿ ಗೇರು ಹಾಕಿದ,
ಹಾಕಿದ ಆ ಕೈಯನ್ನು ಇನ್ನೊಂದರಿಂದ ಬಿಗಿದು ಕಟ್ಟಿದ.
ಅವಳೂ ಬಿಡಲಿಲ್ಲ.
ಅಷ್ಟು ಜೋರಿನ ಜಗಳ ನಮ್ಮ ಮಳಿಗೆ ಕಂಡಿರಲಿಲ್ಲ,
ನೆಲ ಒರೆಸುವ ಹುಡುಗಿ ತಲೆ ಎತ್ತಲೇ ಇಲ್ಲ.

ಕೊನೆಗೆ ಅವಳೇ ನನಗೆ ಬರೆದು ತೋರಿಸಿದಳು:
ಬಲಗೈ ಗೇರಿನ ಮೇಲಿದ್ದರೆ ನನಗೆ ಬಾಯಿಲ್ಲ.
ಹಳೆಯ ಕಾರಿನಲ್ಲಿ ಹತ್ತು ವರ್ಷ
ಬರೀ ಅರ್ಧರ್ಧ ಮಾತು ತಿಂದೆ ಅನ್ನುತ್ತಾನೆ.

ಪೆನ್ನು ಕೆಳಗಿಟ್ಟೆ.
ಇಂಧನ, ತೂಕ, ವೇಗ, ಬೆಲೆ,
ಈ ಲೆಕ್ಕ ನನ್ನ ಯಾವ ಹಾಳೆಯಲ್ಲೂ ಇರಲಿಲ್ಲ:
ಒಂದು ಕಾರು ಅವಳ ಕೈಯೊಡನೆ ಮಾತಾಡುತ್ತದೆ,
ಇನ್ನೊಂದು ಅವಳ ಕೈಗೆ ಮಾತು ಬಿಟ್ಟುಕೊಡುತ್ತದೆ.
ಕಾಫಿ ತರಿಸಿದೆ. ಆರಿತು.

ಆಗ ಲೋರಿಸ್ ಪೆನ್ನಿಗೆ ಕೈಚಾಚಿದ.
ದಪ್ಪ ಅಕ್ಷರ, ಬಡಗಿಯ ಗುರುತಿನಂಥವು:
ಗುಡ್ಡ ಹತ್ತುವಾಗ ಇವಳು ಹೇಗೂ
ನನ್ನ ಮಾತು ಕೇಳುವವಳಲ್ಲ.
ಮೂರರದೇ ಕೊಡಿ.
ಕೆಂಪು ದೀಪಗಳೆಲ್ಲ ನನ್ನ ಪಾಲಿಗಿರಲಿ.

ಹದಿನೈದು ದಿನದ ಮೇಲೆ ಸ್ಟೇಷನ್ನಿನ ಚೌಕದಲ್ಲಿ ಕಂಡೆ:
ಸಾಸಿವೆಹಳದಿ ಕಾರು, ಗೇರು ನ್ಯೂಟ್ರಲ್ಲಿನಲ್ಲಿ,
ಗಾಜಿನೊಳಗೆ ನಾಲ್ಕು ಕೈ.
ದೀಪ ಹಸಿರಾಯಿತು.
ಹಿಂದಿನ ಬ್ರೆಡ್ಡಿನ ವ್ಯಾನು ಹಾರ್ನು ಹೊಡೆಯಿತು,
ಇನ್ನೊಮ್ಮೆ ಹೊಡೆಯಿತು, ಆಮೇಲೆ ಬಿಡದೆ ಹೊಡೆಯಿತು,
ಪಾಪ, ಊರಿಗೆಲ್ಲ ಕೇಳಿಸಿತು.

ದೀಪ ಮತ್ತೆ ಕೆಂಪಾಯಿತು.
ಲೋರಿಸ್ ಪಾಲಿಗೆ ಇನ್ನೊಂದು.