ತಲಮಲೆ ಚೌಕಿಯಲ್ಲಿ ಕೇತೆ

ಯಾವ ದಾರಿ ಚೆಂದ ಅಂತ ಕೇಳ್ತೀರಿ.
ಮ್ಯಾಪು ಮಡಚಿ ಬುದ್ಧಿ, ಮೊದಲು ಮಂಡಿ ತೋರ್ಸಿ.

ಬೋರೆ ದಾರಿ ಹತ್ತಿದರೆ ತುದಿಯಲ್ಲಿ ಮೋಯಾರಿನ ಕಮರಿ.
ಕೆಳಗೆ ರಣಹದ್ದು ತೇಲ್ತಾ ಇರ್ತವೆ.
ಹದ್ದಿನ ಹೊಟ್ಟೆ ಎಲ್ಲರೂ ನೋಡವ್ರೆ,
ಬೆನ್ನು ನೋಡಿದೋರು ಎಷ್ಟು ಮಂದಿ?

ಬಂಡೆ ದಾರಿ ಗಿಡ್ಡ. ನೆರಳಿಲ್ಲ.
ಹನ್ನೊಂದಾದರೆ ಕಲ್ಲು ಕಾದು ಬೂಟಿನ ಅಂಟು ಬಿಡ್ತದೆ.
ಹೋದ ಮಾಸಿ ತಿಂಗಳು ಈರೋಡಿನ ಮೇಷ್ಟ್ರೊಬ್ಬರು
ಎರಡು ಅಟ್ಟೆಯನ್ನೂ ಕೈಯಲ್ಲಿ ಹಿಡಕೊಂಡೇ ಇಳಿದರು.

ಮೂರನೇದು ಹಳ್ಳದ ಗುಂಟ.
ಬಿದಿರು, ಲಂಟಾನ, ಬಟ್ಟೆಗೆ ಹತ್ತೋ ಉಣ್ಣೆ.
ನೋಟ ಅಂತ ಒಂದೂ ಇಲ್ಲ.
ಇವತ್ತಿಗೆ ಅದೇ ಚೆಂದ, ಹೋಗಿ.
ಬೋರೆ? ಬೋರೆ ರಿಪೇರಿ ಅದೆ.

ಮುಖ ಸಪ್ಪಗೆ ಮಾಡಿಕೊಂಡು ಅವರು ಇಳಿದ ಮೇಲೆ
ರಿಜಿಸ್ಟರಲ್ಲಿ ಬರೆದೆ:
ಜನ ಆರು, ನೀರು ಹತ್ತು ಬಾಟಲಿ.
ಬೆಟ್ಟ ರಿಪೇರಿ ಮಾಡೋರು ಯಾರು ಅಂತ
ಒಬ್ಬರಾದರೂ ಕೇಳಲಿಲ್ಲ.

ಬೋರೆಯ ಮೇಲೆ, ನೆಲ್ಲಿ ಮರದ ಬುಡದಲ್ಲಿ,
ಕೋಳಿ ಕೂಗೋ ಹೊತ್ತಿಗೆ ನೆಲಕ್ಕೆ ಬಿದ್ದದ್ದು
ಇನ್ನೂ ನಿಲ್ಲೋಕೆ ಕಲೀತಾ ಅದೆ.
ಸುತ್ತ ಹದಿನಾರು ಕಾಲು,
ಒಂದೂ ಅಲ್ಲಾಡ್ತಿಲ್ಲ.

ಸಂಜೆ ಬಂದು ‘ಏನೂ ಕಾಣಲಿಲ್ಲ’ ಅಂತಾರೆ.
ಹೂಂ ಅಂತೀನಿ,
ಬಾಟಲಿ ಎಣಿಸ್ತೀನಿ.